ಬಂದೂಕಿನ ಹಿಡಿಯೂ ಬಡಿಗನ ತಾಳ್ಮೆಯೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ತಾಲ್ಲೂಕುಗಳ ಯಾವ ಹಳ್ಳಿಯಲ್ಲಿ ಬಡಿಗೇರ ಮನೆಯ ಮುಂದೆ ನಿಂತು ವಿಚಾರಿಸಿದರೂ ಮರದ ವಿಷಯದಲ್ಲಿ ಒಂದೇ ಶಾಸ್ತ್ರ ಕೇಳಿಬರುತ್ತದೆ. ಕೊಡಲಿಯ ಕಾವಿಗೆ ಒಂದು ಮರ, ಗಾಡಿಯ ಅಚ್ಚಿಗೆ ಇನ್ನೊಂದು, ಎತ್ತಿನ ಹೆಗಲ ಮೇಲೆ ಕೂರುವ ನೊಗಕ್ಕೆ ಹಗುರವಾದ ಮತ್ತೊಂದು, ಕೂರಿಗೆಯ ಬಟ್ಟಲಿಗೆ ಬಿರುಕು ಬಿಡದ ಮಗದೊಂದು. ಟ್ರ್ಯಾಕ್ಟರು ಬಂದು ಈ ಸಾಮಾನುಗಳ ಬೇಡಿಕೆ ಕುಗ್ಗಿದ್ದರೂ ಶಾಸ್ತ್ರ ಮಾತ್ರ ಸುಳ್ಳಾಗಿಲ್ಲ. ಕೆಲಸ ಮಾಡುವುದು ಕಬ್ಬಿಣ. ಆ ಕೆಲಸದ ಪೆಟ್ಟನ್ನು ಮನುಷ್ಯನ ಕೈ ತಾಳುವಂತೆ ಮಾಡುವುದು ಮರ. ಈ ಶಾಸ್ತ್ರಕ್ಕೆ ಎದುರಾಗುವ ಅತ್ಯಂತ ಕಠಿಣ ಪರೀಕ್ಷೆ ಯಾವುದೆಂದು ಕೇಳಿದರೆ, ಬಂದೂಕಿನ ಹಿಡಿ ಎಂದೇ ಹೇಳಬೇಕಾಗುತ್ತದೆ. ಈ ವಾರ ಅದರ ವಿಚಾರವನ್ನು ವಾಚಕರ ಮುಂದಿಡುತ್ತೇನೆ.

ಪೋಲೀಸರ ಬಾಯಲ್ಲಿ ‘ಬಟ್’ ಎಂದೂ ಹಿಂದುಸ್ತಾನಿ ಬಲ್ಲವರ ಬಾಯಲ್ಲಿ ‘ಕುಂದಾ’ ಎಂದೂ ಕರೆಯಿಸಿಕೊಳ್ಳುವ ಈ ಮರದ ಭಾಗ ನೋಡುವವರ ಕಣ್ಣಿಗೆ ಒಂದು ಅಲಂಕಾರವಾಗಿ ಕಂಡೀತು. ನಳಿಗೆಯೇ ಬಂದೂಕು, ಮರವೇನಿದ್ದರೂ ಹಿಡಿದುಕೊಳ್ಳುವುದಕ್ಕೆ ಎಂಬುದು ಸಾಮಾನ್ಯ ತಿಳುವಳಿಕೆ. ಈ ತಿಳುವಳಿಕೆಯಿಂದಲೇ, ತಾತನ ಕಾಲದಿಂದ ಬಂದ ಬಂದೂಕಿನ ಹಿಡಿ ಸೀಳು ಬಿಟ್ಟಾಗ ಅದಕ್ಕೆ ತಂತಿ ಸುತ್ತಿ, ಮೇಲೊಂದು ಮೊಳೆ ಹೊಡೆದು, ಮತ್ತೆ ಹೊಲ ಕಾಯುವುದಕ್ಕೆ ಹೊರಡುವ ಪದ್ಧತಿ ಹುಟ್ಟಿಕೊಂಡಿತು. ತಂತಿ ಸುತ್ತಿದ ಆ ಹಿಡಿಯಲ್ಲಿ ಒಬ್ಬ ಮನುಷ್ಯನ ಕಣ್ಣು, ಕೆನ್ನೆ, ಹೆಗಲು, ಕೆಲವು ಸಂದರ್ಭಗಳಲ್ಲಿ ಪ್ರಾಣವೇ ಅಡಗಿರುತ್ತದೆ. ಆದ್ದರಿಂದ ಈ ವಿಷಯ ಬೇಟೆಯ ಷೋಕಿಯವರಿಗೆ ಮಾತ್ರ ಸೇರಿದ್ದೆಂದು ಯಾರೂ ಪುಟ ತಿರುವಬಾರದು.

ಈ ಸೀಮೆಗೂ ಬಂದೂಕಿಗೂ ಇರುವ ಸಂಬಂಧ ಇಂದಿನದಲ್ಲ. ಹರಪನಹಳ್ಳಿ, ಗುಡೇಕೋಟೆ, ಜರಿಮಲೆ—ಇವೆಲ್ಲ ಪಾಳೆಯಗಾರರ ನೆಲೆಗಳು. ಅವರ ಬಲವಿದ್ದುದು ಬೇಡ ಪಡೆಯಲ್ಲಿ. ಬತ್ತಿಯ ಕಿಡಿಯಿಂದ ಹಾರುವ ಬತ್ತಿಕೋವಿಯನ್ನು ಹಿಡಿದು ಗುರಿಯಿಡುವುದರಲ್ಲಿ ಬೇಡರಿಗೆ ಹೆಸರಿತ್ತು. ಹೈದರಾಲಿಯ ಸೈನ್ಯದಲ್ಲಿಯೂ ಅವರು ಸೇವೆ ಸಲ್ಲಿಸಿದರು. 1779ರಲ್ಲಿ ಹೈದರನ ವಶವಾದ ಚಿತ್ರದುರ್ಗದ ಕಥೆಯನ್ನು ಹೇಳುವಾಗ ಒನಕೆ ಓಬವ್ವನನ್ನು ನೆನೆಯದ ಕನ್ನಡಿಗನಿಲ್ಲ. ಆಕೆಯ ತವರು ನಮ್ಮ ಗುಡೇಕೋಟೆಯೇ ಎಂಬುದು ಕೂಡ್ಲಿಗಿ ಕಡೆಯವರ ಅಭಿಮಾನದ ಮಾತು. ಶಸ್ತ್ರಧಾರಿಗಳಾಗಿ ಕಿಂಡಿಯಲ್ಲಿ ನುಸುಳಿದವರನ್ನು ಆಕೆ ಎದುರಿಸಿದ್ದು ಬತ್ತ ಕುಟ್ಟುವ ಒಂದು ಮರದ ತುಂಡಿನಿಂದ. ಒಣಗಿದ, ಕೈಗೆ ಒಗ್ಗಿದ, ತೂಕ ಬಲ್ಲ ಮರ ಏನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ನಮ್ಮ ನಾಡಿಗೆ ಬೇಕಿಲ್ಲ.

1800ರಲ್ಲಿ ನಿಜಾಮನು ಈ ಭಾಗವನ್ನು ಕಂಪೆನಿ ಸರ್ಕಾರಕ್ಕೆ ಬಿಟ್ಟುಕೊಟ್ಟನು. ದತ್ತ ಮಂಡಲವೆಂದು ಹೆಸರಾದ ಆ ಪ್ರದೇಶಕ್ಕೆ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಎದುರಿಸಬೇಕಾದದ್ದು ಸುಮಾರು 80 ಪಾಳೆಯಗಾರರನ್ನೂ ಅವರ ಸಾವಿರಾರು ಆಯುಧಧಾರಿಗಳನ್ನೂ. 1807ರಲ್ಲಿ ಆತ ಇಲ್ಲಿಂದ ಹೊರಡುವ ಹೊತ್ತಿಗೆ ಪಾಳೆಯಗಾರಿಕೆಯ ಕಾಲ ಮುಗಿದಿತ್ತು. ತುಂಗಭದ್ರೆಯ ಉತ್ತರಕ್ಕೆ, ಮುಧೋಳ ಸೀಮೆಯ ಹಲಗಲಿಯಲ್ಲಿ, ಇದೇ ಕಥೆ ಇನ್ನೂ ಕಹಿಯಾಗಿ ನಡೆಯಿತು. 1857ರ ನಿಶ್ಶಸ್ತ್ರೀಕರಣದ ಕಾಯಿದೆಯಂತೆ ಆಯುಧ ಒಪ್ಪಿಸಿರೆಂದಾಗ ಅಲ್ಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದಿತು, ಊರು ಉರಿಯಿತು, ಹಿಡಿದವರನ್ನು ನೇಣಿಗೇರಿಸಿದರು. ಲಾವಣಿಕಾರರ ಬಾಯಲ್ಲಿ ಆ ಸಂಗತಿ ಉಳಿದುಬಂದಿದೆ. ಇದಕ್ಕೆ ವಿರುದ್ಧವಾಗಿ ಕೊಡಗಿನವರಿಗೆ 1861ರಲ್ಲಿ ಕೋವಿಯ ವಿಷಯದಲ್ಲಿ ವಿನಾಯಿತಿ ದೊರೆಯಿತು. ಕೊಡವ ಜನರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು.

ನಮ್ಮ ಐದು ತಾಲ್ಲೂಕುಗಳಿಗೆ ಅಂಥ ವಿನಾಯಿತಿಯಿಲ್ಲ. 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಇಲ್ಲಿ ಬಂದೂಕೆಂದರೆ ಪರವಾನಗಿ ಪಡೆದದ್ದು; ಬಹುಮಟ್ಟಿಗೆ ಬೆಳೆ ಕಾಯುವುದಕ್ಕೆಂದು ಪಡೆದದ್ದು; ಚುನಾವಣೆ ಬಂದಾಗ ಅಧಿಕಾರಿಗಳ ಆಜ್ಞೆಯಂತೆ ಠಾಣೆಗೆ ಒಪ್ಪಿಸಿ ರಸೀತಿ ಪಡೆಯತಕ್ಕದ್ದು. ಇಲ್ಲಿನ ಕಲ್ಲುಗುಡ್ಡಗಳು ಕರಡಿಗಳ ಮನೆ. ಗುಡೇಕೋಟೆಯ ಗುಡ್ಡಗಳನ್ನು 2013ರಲ್ಲಿ ಕರಡಿಧಾಮವೆಂದು ಸಾರಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕರಡಿಗೆ ಅತ್ಯುಚ್ಚ ರಕ್ಷಣೆ ನೀಡಿದೆ. ಹಣ್ಣು, ಜೇನು, ಗೆದ್ದಲು, ಇರುವೆಗಳನ್ನು ಅರಸಿಕೊಂಡು ಸಂಜೆ ಇಳಿದು ಬರುವ ಈ ಪ್ರಾಣಿಯ ಕಣ್ಣು ಮಂದ, ಮೂಗು ಚುರುಕು. ಹತ್ತಿರದಲ್ಲಿ ಮನುಷ್ಯನನ್ನು ಅಕಸ್ಮಾತ್ತಾಗಿ ಕಂಡರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಹೀಗಿರಲಾಗಿ ಹೊಲ ಕಾಯುವವನ ಬಂದೂಕು ಹಾರದೆ ಉಳಿದ ರಾತ್ರಿಯೇ ಶುಭರಾತ್ರಿ. ಹಾಗೆಂದು ಆ ಬಂದೂಕಿನ ಹಿಡಿ ಹೇಗಿದ್ದರೂ ನಡೆದೀತೆ? ನಡೆಯದು. ಅಪರೂಪಕ್ಕೆ ಬಳಕೆಯಾಗುವ ವಸ್ತುವೇ ಬೇಕಾದ ಒಂದು ಗಳಿಗೆಯಲ್ಲಿ ಕೈಕೊಡಬಾರದು.

ಹಿಡಿ ಮಾಡುವ ಕೆಲಸ ಮೂರು. ಮೊದಲನೆಯದು, ನಳಿಗೆಯನ್ನೂ ಕುದುರೆ ಮೊದಲಾದ ಯಂತ್ರವನ್ನೂ ಅಲುಗದಂತೆ ಹಿಡಿದಿರುವುದು. ಎರಡನೆಯದು, ಹಾರಿಸುವವನ ಕಣ್ಣನ್ನು ಪ್ರತಿ ಸಲವೂ ಒಂದೇ ಜಾಗಕ್ಕೆ ತಂದು ನಿಲ್ಲಿಸುವುದು. ಮೂರನೆಯದು, ಹಿನ್ನೊದೆತವನ್ನು ಹೆಗಲಿಗೆ ಹರಡಿ ಕೊಡುವುದು. ಈ ಮೂರನೆಯದರ ಲೆಕ್ಕ ಸ್ವಾರಸ್ಯವಾಗಿದೆ. ಹನ್ನೆರಡು ಬೋರಿನ ಸಾಮಾನ್ಯ ಬಂದೂಕಿನಿಂದ ಸುಮಾರು 32 ಗ್ರಾಂ ಚರೆ ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಮುಂದೆ ಹೋಗುತ್ತದೆಂದು ಇಟ್ಟುಕೊಳ್ಳಿ. ನ್ಯೂಟನ್ನನ ನಿಯಮದಂತೆ, 3 ಕಿಲೋಗ್ರಾಂ ತೂಕದ ಬಂದೂಕು ಸೆಕೆಂಡಿಗೆ 4 ಮೀಟರಿಗೂ ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ನುಗ್ಗುತ್ತದೆ. ಈ ನುಗ್ಗು ಕಬ್ಬಿಣದಿಂದ ಹೆಗಲಿಗೆ ಬರುವ ದಾರಿಯಲ್ಲಿ ಕಿರಿದಾದ ಒಂದು ಸೇತುವೆಯಿದೆ. ಕೈ ಸುತ್ತಿ ಹಿಡಿಯುವ, ಮಣಿಕಟ್ಟಿನಷ್ಟೇ ದಪ್ಪವಾದ ಆ ಕತ್ತಿನ ಭಾಗದಲ್ಲಿ ಸೀಳಿದ್ದರೆ, ತಂತಿಯ ಸುತ್ತು ಎಷ್ಟು ಹೊತ್ತು ಅದನ್ನು ತಡೆದೀತು? ವಾಚಕರೇ ಊಹಿಸಬಹುದು.

ಇನ್ನು ಮರದ ಆಯ್ಕೆ. ನಮ್ಮ ಸೀಮೆಯ ಕುರುಚಲು ಕಾಡಿನಲ್ಲಿ ಗಟ್ಟಿಮರಕ್ಕೆ ಕೊರತೆಯಿಲ್ಲ. ಕಮರದ ಚೇಗು ನೀರಿನಲ್ಲಿ ಮುಳುಗುವಷ್ಟು ಭಾರ. ದೇಶದ ಅತಿ ಭಾರವಾದ ಮರಗಳಲ್ಲಿ ಅದೊಂದು. ದಿಂಡಿಗ ಪೆಟ್ಟು ತಾಳುವ ಮರವೆಂದೇ ಕೊಡಲಿಯ ಕಾವಿಗೂ ಗಾಡಿಯ ಅಚ್ಚಿಗೂ ಬಂದಿತು. ಕರಿಜಾಲಿ ಗಾಡಿಯ ಚಕ್ರಕ್ಕೆ ಪ್ರಸಿದ್ಧ. ಆದರೆ ಬಂದೂಕಿನ ಹಿಡಿಗೆ ಗಟ್ಟಿತನವೊಂದೇ ಸಾಲದು. ಅತಿ ಭಾರವಾದರೆ ಹಿಂಬದಿ ಜಗ್ಗಿ ನಳಿಗೆಯ ಮೂತಿ ಮೇಲೇಳುತ್ತದೆ; ರಾತ್ರಿಯೆಲ್ಲ ಹೊತ್ತು ತಿರುಗುವವನ ತೋಳು ಸೋಲುತ್ತದೆ. ಕಮರದಂಥ ಮರ ಉಳಿಗೂ ಸುಲಭವಾಗಿ ಬಗ್ಗುವುದಿಲ್ಲ. ತೇಗ ನಂಬಿಕೆಯ ಮರ, ಮಳೆಬಿಸಿಲಿಗೆ ಅಲುಗದು. ಆದರೆ ಎಳೆಯುದ್ದಕ್ಕೂ ಸೀಳುವ ಸ್ವಭಾವ ಅದಕ್ಕಿದೆ. ಕಿರಿದಾದ ಕತ್ತಿನ ಭಾಗದಲ್ಲಿ ಆ ಸ್ವಭಾವ ಅಪಾಯಕಾರಿ. ಬೀಟೆ ನೋಡಲು ಬಲು ಚೆಲುವು, ಗಟ್ಟಿಯೂ ಹೌದು. ಆದರೆ ತೂಕ ಹೆಚ್ಚು. ಅದರೊಳಗಿನ ಜಿಡ್ಡು ಮೇಲೆ ಹಚ್ಚಿದ ಎಣ್ಣೆಯನ್ನು ಬೇಗ ಆರಗೊಡದು. ಅದನ್ನು ಕಡಿಯುವುದಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯೂ ಬೇಕು.

ಲೋಕದ ಬಂದೂಕು ಮಾಡುವವರು ನೂರಾರು ವರ್ಷಗಳ ಅನುಭವದ ಮೇಲೆ ಆರಿಸಿಕೊಂಡ ಮರ ಅಕ್ರೋಟು. ಮಕ್ಕಳು ಒಡೆದು ತಿನ್ನುವ ಅಕ್ರೋಟಿನ ಕಾಯಿ ಬಿಡುತ್ತದಲ್ಲ, ಅದೇ ಮರ. ತೂಕದಲ್ಲಿ ಮಧ್ಯಮ, ಗಾಳಿಯ ತೇವ ಏರಿಳಿದರೂ ಹೆಚ್ಚು ಉಬ್ಬದು, ಕುಗ್ಗದು, ಉಳಿ ಯಾವ ಕಡೆಯಿಂದ ಹೋದರೂ ಅಂಚು ಉದುರದೆ ಬೆಣ್ಣೆ ಕತ್ತರಿಸಿದಂತೆ ಕಡಿಸಿಕೊಳ್ಳುತ್ತದೆ, ಪೆಟ್ಟನ್ನು ನುಂಗಿಕೊಳ್ಳುತ್ತದೆ. ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ 303 ರೈಫಲಿಗೆ ಕಾಶ್ಮೀರದ ಅಕ್ರೋಟನ್ನು ಬಳಸಿದರು. ಪೋಲೀಸರ ಹೆಗಲ ಮೇಲೆ ನಮ್ಮ ಹಿರಿಯರೆಲ್ಲ ಕಂಡ ರೈಫಲು ಅದು. ಉತ್ತರ ಪ್ರದೇಶದ ಪೋಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯ ದಿನದಂದು. ಎಲ್ಲ ದೇಶಕ್ಕೂ ಅಕ್ರೋಟು ಸಿಗಲಿಲ್ಲ. ಆಸ್ಟ್ರೇಲಿಯದವರು ಇದೇ ರೈಫಲಿಗೆ ತಮ್ಮ ಕಾಡಿನ ಮೃದುವಾದ ಮರಗಳನ್ನು ಬಳಸಬೇಕಾಯಿತು. ಒದೆತ ಬೀಳುವ ಜಾಗದಲ್ಲಿ ಮರ ಜಜ್ಜಿಹೋಗದಂತೆ ತಾಮ್ರದ ತಗಡುಗಳನ್ನು ಕೂರಿಸಿ ಅವರು ಆ ಕೊರತೆಯನ್ನು ತುಂಬಿಕೊಂಡರು. ಈಶಾಪುರದವರು ಮುಂಭಾಗದ ಮರಕ್ಕೆ ಅಡ್ಡಲಾಗಿ ಒಂದು ತಿರುಪನ್ನು ಹಾಕಿ ಸೀಳದಂತೆ ಬಿಗಿದರು. ಮರದ ದೌರ್ಬಲ್ಯವನ್ನು ಮೊದಲೇ ಅರಿತು ಬಲಪಡಿಸುವುದು ಕುಶಲತೆ; ಸೀಳಿದ ಮೇಲೆ ತಂತಿ ಸುತ್ತುವುದು ಕೇವಲ ಧೈರ್ಯ.

ಮರ ಯಾವುದಾದರೂ ಇರಲಿ, ಅದರ ಎಳೆ ಓಡುವ ದಿಕ್ಕನ್ನು ನೋಡಿಯೇ ಹಲಗೆ ಕೊಯ್ಯಿಸಬೇಕು. ರೈಫಲಿನ ಒಂದೇ ತುಂಡಿನ ಹಿಡಿಗೆ ಸುಮಾರು 32ರಿಂದ 36 ಅಂಗುಲ ಉದ್ದ, ಹಿಂಬದಿಯಲ್ಲಿ 7ರಿಂದ 8 ಅಂಗುಲ ಅಗಲ, ಎರಡೂಕಾಲರಿಂದ ಎರಡೂವರೆ ಅಂಗುಲ ದಪ್ಪದ ಹಲಗೆ ಬೇಕು. ಮಡಚುವ ಬಂದೂಕಿಗೆ ಹಿಡಿ ಎರಡು ತುಂಡು: ಹೆಗಲಿನದೊಂದು, ಮುಂಗೈಯದೊಂದು. ಮುಂಭಾಗದಲ್ಲಿ ಎಳೆ ನಳಿಗೆಗೆ ಸಮನಾಗಿ ನೇರ ಓಡಬೇಕು. ಕತ್ತಿನಲ್ಲಿ ಹಿಡಿ ಹೇಗೆ ಕೆಳಕ್ಕೆ ಬಾಗುತ್ತದೆಯೋ ಎಳೆಯೂ ಹಾಗೆಯೇ ಬಾಗಿ ಹಿಂದಕ್ಕೆ ಹರಿಯಬೇಕು. ಎಳೆ ಕತ್ತನ್ನು ಅಡ್ಡಹಾಯ್ದರೆ, ಆ ಹಿಡಿ ಎಷ್ಟು ಚಂದವಿದ್ದರೂ ಮೊದಲ ಬೀಳಿಗೇ ಎರಡಾಗುತ್ತದೆ. ಮರದ ಬುಡದಲ್ಲಿ, ಬೇರು ಹರಡಲು ತೊಡಗುವಲ್ಲಿ, ಎಳೆ ತಾನಾಗಿ ಬಾಗಿರುತ್ತದೆ. ಬಣ್ಣದ ಸುಳಿಗಳೂ ಅಲ್ಲಿಯೇ ಹೆಚ್ಚು. ಸುಳಿಯ ಚೆಲುವು ಹಿಂಬದಿಯಲ್ಲಿರಲಿ, ಕತ್ತಿನಲ್ಲಿ ಬೇಡ—ಇದು ಈ ಕಸುಬಿನ ಮೊದಲನೆಯ ಪಾಠ.

ಎರಡನೆಯ ಪಾಠ ಕಾಯುವುದು. ಕೊಯ್ದ ಹಲಗೆಯ ಎರಡು ತುದಿಗಳಿಗೂ ಮೇಣವನ್ನೋ ಬಣ್ಣವನ್ನೋ ಬಳಿದು, ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಸಣ್ಣ ಪಟ್ಟಿಗಳ ಮೇಲೆ ಒಟ್ಟಬೇಕು. ತುದಿಗಳನ್ನು ಮುಚ್ಚದಿದ್ದರೆ ನೀರು ಅಲ್ಲಿಂದಲೇ ಬೇಗ ಹೊರಟು ಮರ ಸೀಳುತ್ತದೆ. ಗಾಳಿಯಲ್ಲಿ ಒಣಗುವುದಕ್ಕೆ ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬುದು ಹಳೆಯ ಲೆಕ್ಕ. ಎಂದರೆ ಹಿಡಿಯ ಹಲಗೆಗೆ ಎರಡು ಮೂರು ವರ್ಷ. ಹಲಗೆಯನ್ನು ಆಗಾಗ ತೂಗಿ ತಾರೀಖಿನೊಡನೆ ಅದರ ಮೇಲೆಯೇ ಸೀಸದ ಕಡ್ಡಿಯಲ್ಲಿ ಬರೆದಿಡಬೇಕು. ತೂಕ ಇಳಿಯುವುದು ನಿಂತಾಗ ಮರ ಸುತ್ತಲಿನ ಗಾಳಿಯೊಡನೆ ರಾಜಿಯಾಯಿತೆಂದು ಅರ್ಥ.

ಈ ರಾಜಿಯ ಮಾತು ನಮ್ಮ ಬಯಲುಸೀಮೆಯವರಿಗೆ ಬಲು ಮುಖ್ಯ. ಮಲೆನಾಡಿನಲ್ಲಿ ಒಣಗಿದ ಮರ ಕೊಟ್ಟೂರಿನ ಬಿಸಿಲಿಗೆ ಬಂದರೆ ಇನ್ನೂ ಹಸಿಯೇ. ಅಲ್ಲಿಯ ತೇವದ ಗಾಳಿಗೆ ಹೊಂದಿಕೊಂಡಿದ್ದದ್ದು ಇಲ್ಲಿಯ ಒಣಹವೆಗೆ ಮತ್ತೆ ಕುಗ್ಗಬೇಕು. ಆದ್ದರಿಂದ ಹೊರಗಿನಿಂದ ತಂದ ಹಲಗೆ ಇಲ್ಲಿಯ ಒಂದು ಬೇಸಗೆಯನ್ನಾದರೂ ಕಾಣುವುದು ಲೇಸು. ಆತುರದ ಗಿರಾಕಿಗೆ ನಮ್ಮ ಕಡೆಯ ಹಿರಿಯ ಬಡಿಗ ಹೇಳುವ ಮಾತು ಒಂದೇ: “ಯಜಮಾನ್ರ, ಮರ ಇನ್ನಾ ಹಸಿ ಐತ್ರಿ. ಈ ಬ್ಯಾಸಗಿ ಕಳೀಲಿ.” ಗಿರಾಕಿಗೆ ಇದು ನೆಪವೆನಿಸೀತು. ಹಸಿಮರದಲ್ಲಿ ಕೂರಿಸಿದ ನಳಿಗೆ ಆರು ತಿಂಗಳಲ್ಲಿ ಸಡಿಲವಾದಾಗ, ಇಲ್ಲವೆ ಮರ ತಿರುಚಿಕೊಂಡು ನಳಿಗೆಯನ್ನು ಪಕ್ಕಕ್ಕೆ ಒತ್ತಿ ಗುರಿ ತಪ್ಪಿಸಿದಾಗ, ಆ ಮಾತಿನ ಬೆಲೆ ತಿಳಿಯುತ್ತದೆ.

ಮೂರನೆಯದು ಅಳತೆ. ಅಂಗಿಗೆ ದರ್ಜಿ ಅಳತೆ ತೆಗೆಯುವಂತೆ ಹಿಡಿಗೂ ಒಡೆಯನ ಮೈಯಳತೆ ಬೇಕು. ಕುದುರೆಯನ್ನೆಳೆಯುವ ಬೆರಳಿನಿಂದ ಹೆಗಲಿಗೆ ತಾಗುವ ತುದಿಯ ನಡುವಿನವರೆಗೆ ಸಾಧಾರಣ ಮೈಕಟ್ಟಿನ ಗಂಡಸಿಗೆ ಸುಮಾರು 14 ಅಂಗುಲ. ಕುಳ್ಳಗಿನವನಿಗೆ ಕಡಿಮೆ, ತೋಳು ನೀಳವಾದವನಿಗೆ ಹೆಚ್ಚು. ಗಿಡ್ಡವಾದರೆ ಒದೆತದಲ್ಲಿ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಉದ್ದವಾದರೆ ಎತ್ತುವಾಗ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಮಾಗಿಯ ಚಳಿಯಲ್ಲಿ ಕಂಬಳಿ ಹೊದ್ದು ಹೊಲ ಕಾಯುವವನಿಗೆ, ಹಗಲು ತೆಳು ಅಂಗಿಯಲ್ಲಿ ಸರಿಯೆನಿಸಿದ ಹಿಡಿ ಉದ್ದವೆನಿಸುತ್ತದೆ. ಕಂಬಳಿಯ ದಪ್ಪವನ್ನೂ ಲೆಕ್ಕಕ್ಕೆ ತಂದುಕೊಳ್ಳತಕ್ಕವನೇ ನಿಜವಾದ ಕಸುಬುದಾರ.

ಕೆನ್ನೆ ಒರಗುವ ಮೇಲಂಚಿನ ಎತ್ತರ ಇನ್ನೂ ಸೂಕ್ಷ್ಮ. ಚರೆ ಬಂದೂಕಿಗೆ ಹಿಂದಿನ ಗುರಿಕಟ್ಟೆಂಬುದಿಲ್ಲ. ಹಾರಿಸುವವನ ಕಣ್ಣೇ ಹಿಂದಿನ ಗುರಿಕಟ್ಟು. ಮೇಲಂಚು ತಗ್ಗಾದರೆ ಕಣ್ಣು ತಗ್ಗಿ ಪೆಟ್ಟು ಕೆಳಗೆ ಬೀಳುತ್ತದೆ. ಎತ್ತರವಾದರೆ ಮೇಲೆ ಹಾಯುತ್ತದೆ. ನಳಿಗೆಯ ಗೆರೆಯಿಂದ ಮೇಲಂಚು ಸುಮಾರು ಒಂದೂವರೆ ಅಂಗುಲವೂ ಹಿಂದಿನ ತುದಿ ಎರಡರಿಂದ ಎರಡೂವರೆ ಅಂಗುಲವೂ ಕೆಳಗಿರುವುದು ವಾಡಿಕೆ. ಪರೀಕ್ಷೆ ಸುಲಭ. ಬಂದೂಕು ಬರಿದಾಗಿದೆಯೆಂದು ಎರಡು ಸಲ ನೋಡಿ, ಯಾರೂ ಇಲ್ಲದ ದಿಕ್ಕಿಗೆ ತಿರುಗಿ, ಕಣ್ಣುಮುಚ್ಚಿ ಹೆಗಲಿಗೇರಿಸಿ, ಬಳಿಕ ಕಣ್ಣು ತೆರೆಯಬೇಕು. ಕಣ್ಣು ತಾನಾಗಿ ನಳಿಗೆಯ ಉದ್ದಕ್ಕೆ ನೆಟ್ಟಿದ್ದರೆ ಹಿಡಿ ಅವನದು. ಕತ್ತು ನೀಡಿ ಹುಡುಕಬೇಕಾದರೆ ಅದು ಇನ್ನೊಬ್ಬನದು. ಅಣ್ಣನ ಬಂದೂಕು ತಮ್ಮನಿಗೆ ಒದೆಯುತ್ತದೆಂಬ ಮಾತಿನ ಹಿಂದೆ ದೆವ್ವವೂ ಇಲ್ಲ, ಶಕುನವೂ ಇಲ್ಲ. ಅರ್ಧ ಅಂಗುಲ ಮರವಿದೆ.

ನಾಲ್ಕನೆಯದಾಗಿ ಕಬ್ಬಿಣವನ್ನು ಮರದಲ್ಲಿ ಕೂರಿಸುವುದು. ಇಡೀ ಕಸುಬಿನ ಪ್ರಾಣ ಇಲ್ಲಿದೆ. ನಮ್ಮ ಮನೆಗಳಲ್ಲಿ ಮಗುವಿನ ಕಣ್ಣಿಗೆ ಹಚ್ಚುವಂಥ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ನಳಿಗೆಯ ಕೆಳಮೈಗೆ ತೆಳ್ಳಗೆ ಸವರುತ್ತಾರೆ. ಕೊರೆದ ಹಳ್ಳದಲ್ಲಿ ಅದನ್ನಿಟ್ಟು ಒತ್ತಿ ಎತ್ತಿದರೆ, ಎಲ್ಲಿ ಮರ ಎತ್ತರವಿದೆಯೋ ಅಲ್ಲಿ ಕಪ್ಪು ಹತ್ತುತ್ತದೆ. ಆ ಕಪ್ಪನ್ನು ಮಾತ್ರ ಉಳಿಯಿಂದ ಕೆರೆದು ಮತ್ತೆ ಒತ್ತಬೇಕು, ಮತ್ತೆ ಕೆರೆಯಬೇಕು. ನೂರು ಸಲವಾದರೂ ಆದೀತು. ಕೊನೆಗೆ ಕಪ್ಪು ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಹತ್ತದೆ ಎಲ್ಲೆಡೆ ಸಮನಾಗಿ ಹತ್ತಿದಾಗ ಮರವೂ ಕಬ್ಬಿಣವೂ ಕೂಡಿದವು. ತೆಗೆದ ಮರವನ್ನು ಮರಳಿ ಇಡಲು ಬ್ರಹ್ಮನಿಂದಲೂ ಆಗದು; ಆದ್ದರಿಂದ ಉಳಿ ಪ್ರತಿ ಸಲವೂ ಎಳ್ಳಿನ ಸಿಪ್ಪೆಯಷ್ಟನ್ನೇ ತೆಗೆಯಬೇಕು.

ಒದೆತ ಬೀಳುವ ಮೈ ಮರಕ್ಕೆ ಪೂರ್ತಿ ತಾಗಿರಬೇಕು. ಅಲ್ಲಿ ಕೂದಲೆಳೆಯ ಸಂದಿದ್ದರೂ ಕಬ್ಬಿಣ ಸುತ್ತಿಗೆಯಂತೆ ಬಡಿಯುತ್ತದೆ. ಆದರೆ ನಳಿಗೆಯಿಂದ ಹಿಂದಕ್ಕೆ ಚಾಚಿ ಕತ್ತಿನೊಳಗೆ ಇಳಿಯುವ ಕಬ್ಬಿಣದ ನಾಲಗೆಯ ಹಿಂದೆ ಮಾತ್ರ ಕಾಗದದ ದಪ್ಪದಷ್ಟು ಸಂದು ಬಿಡಲೇಬೇಕು. ಬಿಡದಿದ್ದರೆ ಪ್ರತಿ ಹಾರಿಕೆಯಲ್ಲಿಯೂ ಆ ನಾಲಗೆ ಬೆಣೆಯ ಕೆಲಸ ಮಾಡುತ್ತದೆ. ದಿಮ್ಮಿ ಸೀಳುವವನಿಗೆ ಬೆಣೆಯ ಮಹಿಮೆಯನ್ನು ಹೇಳಿಕೊಡಬೇಕೆ? ಹಳೆಯ ಬಂದೂಕುಗಳ ಕತ್ತಿನಲ್ಲಿ ಕಾಣುವ ಸೀಳುಗಳಲ್ಲಿ ಎಷ್ಟೋ ಹುಟ್ಟಿದ್ದು ಹೀಗೆ. ಮಾಲೀಕ ಬೀಳಿಸಿದ್ದರಿಂದಲ್ಲ, ಮಾಡಿದವನು ಆ ಕಾಗದದಷ್ಟು ಜಾಗವನ್ನು ಬಿಡದೆ ಹೋದದ್ದರಿಂದ.

ಅನಂತರ ಹೊರಮೈ. ಬಾಚಿಯಿಂದ ಒರಟಾಗಿ ರೂಪ ತೆಗೆದು, ಒರಟು ಅರದಿಂದ ತಿದ್ದಿ, ನಯ ಅರದಿಂದ ಸವರಿ, ಕೊನೆಗೆ ಒಡೆದ ಗಾಜಿನ ಚೂರಿನ ಅಂಚಿನಿಂದ ಹೆರೆದರೆ ಮೈ ಸಮನಾಗುತ್ತದೆ. ಮರಳು ಕಾಗದವನ್ನು 120ರಿಂದ ಮೊದಲುಮಾಡಿ 180, 220, 320 ಎಂದು ಏರುತ್ತ, ಎಳೆಯ ದಿಕ್ಕಿನಲ್ಲಿಯೇ ಉಜ್ಜಬೇಕು. ಇಲ್ಲಿಗೆ ಮುಗಿಯಿತೆಂದು ಎಣ್ಣೆ ಹಚ್ಚಿದವನು ಮೊದಲ ಮಳೆಯಲ್ಲಿ ಪರಿತಪಿಸುತ್ತಾನೆ. ಒತ್ತಿ ಮಲಗಿಸಿದ ನವಿರುಗಳೆಲ್ಲ ನೀರು ಕುಡಿದು ಎದ್ದು ನಿಲ್ಲುತ್ತವೆ. ಅದಕ್ಕೇ ಒದ್ದೆಬಟ್ಟೆಯಿಂದ ಮೈ ಒರೆಸಿ, ಕೆಂಡದ ಶಾಖಕ್ಕೆ ದೂರದಿಂದ ಹಿಡಿದು ಆರಿಸಿ, ಎದ್ದ ನವಿರನ್ನು ಹಳೆಯ ಕಾಗದದಿಂದ ಸವರಿ ತೆಗೆಯಬೇಕು. ಎರಡು ಮೂರು ಸಲ ಹೀಗೆ ಮಾಡಿದ ಮೇಲೆ ಮರ ನೀರಿಗೆ ಹೆದರುವುದಿಲ್ಲ. ಕೈ ಹಿಡಿಯುವೆಡೆಯಲ್ಲಿ ಅಂಗುಲಕ್ಕೆ ಹದಿನೆಂಟು ಇಪ್ಪತ್ತು ಗೆರೆಗಳಂತೆ ಓರೆಯಾಗಿ ಕೊರೆಯುವ ಚೌಕುಳಿ ಕೆಲಸವನ್ನು ಹಲವರು ಶೃಂಗಾರವೆಂದು ತಿಳಿಯುತ್ತಾರೆ. ಬೆವರಿದ ಕೈ ಜಾರದಿರಲೆಂದು ಅದು ಹುಟ್ಟಿತು. ಚೆಲುವು ಅದರ ಜೊತೆಗೆ ಬಂದ ಲಾಭ.

ಎಣ್ಣೆಯ ವಿಷಯದಲ್ಲಿ ನಮ್ಮ ರೈತರಿಗೆ ಹೇಳಲೇಬೇಕಾದ ಒಂದು ಮಾತಿದೆ. ಈ ಸೀಮೆ ಶೇಂಗಾದ ಸೀಮೆ. ಗಾಣದ ಶೇಂಗಾ ಎಣ್ಣೆ ಕೈಗೆ ಮೊದಲು ಸಿಕ್ಕುತ್ತದೆ. ಅದನ್ನು ಮರಕ್ಕೆ ಹಚ್ಚಿದರೆ ಎಂದಿಗೂ ಆರದೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಹರಳೆಣ್ಣೆಯೂ ಹಾಗೆಯೇ. ಗಾಳಿಯೊಳಗಿನ ಆಮ್ಲಜನಕವನ್ನು ಹೀರಿ ತಾನೇ ಗಟ್ಟಿಯಾಗುವ ಎಣ್ಣೆಗಳು ಬೇರೆ ಜಾತಿ. ಅವುಗಳಲ್ಲಿ ಅಗಸೆ ಎಣ್ಣೆ ಮುಖ್ಯ. ನಮ್ಮ ಎರೆಭೂಮಿಯ ಕುಸುಬೆ ಎಣ್ಣೆಯೂ ಆ ಜಾತಿಯದೇ: ಅಗಸೆಗಿಂತ ನಿಧಾನವಾಗಿ ಆರುತ್ತದೆ, ಆದರೆ ಹಳದಿಗಟ್ಟುವುದು ಕಡಿಮೆ. ಕಾಯಿಸಿದ ಅಗಸೆ ಎಣ್ಣೆಯನ್ನು ನಾಲ್ಕು ಹನಿ ಅಂಗೈಗೆ ಹಾಕಿಕೊಂಡು, ಅಂಗೈಯ ಬಿಸಿ ಮರಕ್ಕೆ ಇಳಿಯುವಂತೆ ಉಜ್ಜಿ, ಉಳಿದದ್ದನ್ನು ಒರೆಸಿ ತೆಗೆದು, ಪೂರ್ತಿ ಆರುವ ತನಕ ಬಿಡಬೇಕು. ದಪ್ಪಗೆ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿಯುಳಿಯುತ್ತದೆ. ಮೊದಲ ವಾರ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ಎಂಬುದು ಈ ಕಸುಬಿನ ಹಳೆಯ ಕ್ರಮ.

ನಳಿಗೆ ಕೂರುವ ಒಳಮೈಗೂ ಹೆಗಲಿಗೆ ತಾಗುವ ತುದಿಗೂ ಎಣ್ಣೆ ಹಚ್ಚಲು ಮರೆಯಬಾರದು. ತೇವ ಕಳ್ಳನಂತೆ ಒಳಹೊಗುವುದು ಆ ಬಾಗಿಲುಗಳಿಂದಲೇ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಲೇಬಾರದು. ಅಗಸೆ ಎಣ್ಣೆ ಆರುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆ ಬೆಂಕಿಯ ಸೋಂಕಿಲ್ಲದೆಯೇ ಹೊತ್ತಿಕೊಳ್ಳಬಲ್ಲುದು. ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ನೆನೆಸಿಡಬೇಕು. ಬಾಗಿಲು, ತೊಟ್ಟಿಲು, ಮಣೆಗಳಿಗೆ ಎಣ್ಣೆ ಹಚ್ಚುವವರಿಗೂ ಈ ಎಚ್ಚರಿಕೆ ಸಲ್ಲುತ್ತದೆ.

ಇಷ್ಟನ್ನು ಓದಿದ ವಾಚಕರಲ್ಲಿ ಒಬ್ಬಿಬ್ಬರ ಮನೆಯಲ್ಲಾದರೂ ತಂತಿ ಸುತ್ತಿದ ಹಿಡಿಯ ಬಂದೂಕು ಇದ್ದೀತು. ಅಂಥವರು ಮಾಡತಕ್ಕದ್ದೇನು? ಮೊದಲನೆಯದು, ಅದನ್ನು ಹಾರಿಸುವುದನ್ನು ಅಂದೇ ನಿಲ್ಲಿಸುವುದು. ಎರಡನೆಯದು, ಊರಿನ ಬಡಿಗ ಎಷ್ಟೇ ನಿಪುಣನಾದರೂ ಅವನ ಕೈಗೆ ಅದನ್ನು ಕೊಡದಿರುವುದು. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನ ಪ್ರಕಾರ ಬಂದೂಕು ತಯಾರಿಸುವುದಕ್ಕೆ ಹೇಗೋ ದುರಸ್ತಿಯ ಕಸುಬಿಗೂ ಹಾಗೆಯೇ ಪರವಾನಗಿ ಬೇಕು. ಸ್ನೇಹಕ್ಕಾಗಿ ಕೆಲಸ ಹಿಡಿದ ಬಡಿಗ ಸಂಕಟಕ್ಕೆ ಸಿಕ್ಕಾನು. ಪರವಾನಗಿಯುಳ್ಳ ದುರಸ್ತಿಗಾರನಿದ್ದಲ್ಲಿಗೇ ಕಾಗದಪತ್ರಗಳೊಡನೆ ಒಯ್ಯಬೇಕು. ತಂದೆ ತೀರಿಕೊಂಡು ಬಂದೂಕು ಮನೆಯಲ್ಲಿ ಉಳಿದಿದ್ದರೆ, ಪರವಾನಗಿ ತಂದೆಯ ಹೆಸರಿನಲ್ಲಿದ್ದುದರಿಂದ ಮಗನಿಗೆ ತಾನಾಗಿ ಬರುವುದಿಲ್ಲ. ಅದನ್ನು ಹತ್ತಿರದ ಪೋಲೀಸು ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಠೇವಣಿಯಿಟ್ಟು, ತನ್ನ ಹೆಸರಿಗೆ ಬೇಕಾದರೆ ಅರ್ಜಿ ಹಾಕಿಕೊಳ್ಳಬೇಕು. ಅಟ್ಟದ ಮೇಲೆ ಅಡಗಿಸಿಟ್ಟ ಹಿರಿಯರ ನೆನಪು ಮಕ್ಕಳ ಕೈಗೆ ಸಿಕ್ಕಿದ ದಿನ ನೆನಪಾಗಿ ಉಳಿಯುವುದಿಲ್ಲ.

ಹಾಗಾದರೆ ನಮ್ಮ ಬಡಿಗರ ಈ ಕೈಚಳಕಕ್ಕೆ ನೆಲೆಯೆಲ್ಲಿ ಎಂದು ಕೇಳಬಹುದು. ನೆಲೆಯುಂಟು. 2016ರ ಶಸ್ತ್ರಾಸ್ತ್ರ ನಿಯಮಗಳಂತೆ, 0.177 ಅಂಗುಲ ಬೋರು ಮೀರದ, 20 ಜೂಲಿಗಿಂತ ಹೆಚ್ಚು ಬಲವಿಲ್ಲದ ಗಾಳಿಬಂದೂಕಿಗೆ ಪರವಾನಗಿ ಬೇಕಿಲ್ಲ. ಗುರಿಯಾಟ ಕಲಿಯುವ ಹುಡುಗ ಹುಡುಗಿಯರಿಗೆ ಅಂಗಡಿಯ ಹಿಡಿ ಬಹುಮಟ್ಟಿಗೆ ಉದ್ದ. ಅವರ ತೋಳಿಗೆ, ಕೆನ್ನೆಗೆ ಹೊಂದುವ ಹಿಡಿಯನ್ನು ನಮ್ಮವರೇ ಮಾಡಿಕೊಡಬಹುದು. ಅಳತೆ, ಎಳೆ, ಒಣಗಿಕೆ, ಕಾಡಿಗೆ, ಎಣ್ಣೆ—ಶಾಸ್ತ್ರವೆಲ್ಲ ಅದೇ. ಎದುರಿಗಿರುವುದು ಮಾತ್ರ ಕಾಗದದ ಗುರಿಹಲಗೆ.

ಕೊನೆಗೆ ಒಂದು ಮಾತು. ಹಿಡಿ ಮಾಡುವ ಕೆಲಸದಲ್ಲಿ ಮೊದಲಿನಿಂದ ಕಡೆಯವರೆಗೂ ಕೈಗಿಂತ ಹೆಚ್ಚಾಗಿ ದುಡಿಯುವುದು ಸಂಯಮ. ಮರ ಒಣಗುವ ತನಕ ಕಾಯುವುದು, ಕಪ್ಪು ಹತ್ತಿದಷ್ಟನ್ನೇ ಕೆರೆಯುವುದು, ಎಣ್ಣೆ ಆರುವ ತನಕ ಮುಟ್ಟದಿರುವುದು. ಗುಡೇಕೋಟೆಯ ಗುಡ್ಡದ ಕೆಳಗೆ ರಾತ್ರಿ ಕರಡಿಯ ಉಸಿರು ಕೇಳಿದವನಿಗೂ ಇದೇ ಸಂಯಮ ಬೇಕು: ಬೆಳಕು ಹಿಡಿದು, ಸದ್ದು ಮಾಡಿ, ಅದಕ್ಕೆ ದಾರಿ ಬಿಟ್ಟು ನಿಲ್ಲುವುದು. “ಇದು ನನ್ನ ಕೆಲಸಲ್ರಿ ಯಜಮಾನ್ರ, ಠಾಣೇಕ ಒಯ್ರಿ” ಎಂದು ಸೀಳಿದ ಬಂದೂಕನ್ನು ಮರಳಿ ಕಳಿಸಿದ ಬಡಿಗ ಆ ದಿನದ ಕೂಲಿ ಕಳೆದುಕೊಂಡಿರಬಹುದು. ಆದರೆ ಒಂದು ಮನೆಯ ದೀಪ ಉಳಿಸಿದ ಪುಣ್ಯ ಅವನದು.